ಶಿವನಸಮುದ್ರ ‘ಏಷ್ಯಾದಲ್ಲೇ ಮೊದಲು’ ಹೌದಾ? ಒಂದೇ ವಾಕ್ಯಕ್ಕೆ ಮೂರು ಪರೀಕ್ಷೆ

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಶಿವನಸಮುದ್ರದ ವಿದ್ಯುತ್ ಕೇಂದ್ರದ ಮೇಲೆ ಪ್ರಾಜೆಕ್ಟ್ ಬರೆಯುತ್ತಿದ್ದಳು. ಮೊದಲ ಸಾಲು ಹೀಗಿತ್ತು: ‘1902ರಲ್ಲಿ ಶುರುವಾದ ಇದು ಏಷ್ಯಾದ ಮೊಟ್ಟಮೊದಲ ಜಲವಿದ್ಯುತ್ ಕೇಂದ್ರ.’

“ಇದು ಎಲ್ಲಿ ಸಿಕ್ತು?” ಅಂದೆ.

“ಎಲ್ಲಾ ಸೈಟಲ್ಲೂ ಇದೆ ಚಿಕ್ಕಮ್ಮ.”

ಆ ಭಾನುವಾರ ಇಬ್ಬರೂ ಕೂತು ಈ ಒಂದೇ ವಾಕ್ಯವನ್ನು ಮೂರು ದಾರಿಯಲ್ಲಿ ಪರೀಕ್ಷೆ ಮಾಡಿದೆವು.

ಮೊದಲನೆಯದು ಚೆಕ್‌ಲಿಸ್ಟ್. ಬರೆದವರು ಯಾರು, ಯಾವಾಗ ಬರೆದರು, ಯಾಕೆ ಬರೆದರು, ಜಾಹೀರಾತು ಎಷ್ಟಿದೆ, ವಿಳಾಸದ ಕೊನೆಯಲ್ಲಿ ಏನಿದೆ. ಅವಳ ಶಾಲೆಯಲ್ಲಿ ಹೇಳಿಕೊಟ್ಟಿದ್ದೂ ಇದನ್ನೇ. ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸ್ ಕೊಡುವ ಒಂದು ಪುಟಕ್ಕೆ ಹಾಕಿ ನೋಡಿದೆವು. ಲೇಖಕರ ಹೆಸರಿಲ್ಲ, ದಿನಾಂಕ ಇಲ್ಲ, ತುಂಬಾ ಜಾಹೀರಾತು. ಫೇಲ್. ಆಮೇಲೆ ಒಂದು ಸರ್ಕಾರಿ ಪುಟ. ವಿಳಾಸ ‘ಗವ್ ಡಾಟ್ ಇನ್’, ಪುಟ ಅಚ್ಚುಕಟ್ಟು. ಪಾಸ್. ಆದರೆ ಎರಡರಲ್ಲೂ ಇದ್ದದ್ದು ಅದೇ ವಾಕ್ಯ! ಈ ಪಟ್ಟಿ ಪುಟದ ವೇಷ ನೋಡುತ್ತದೆ, ಮಾತಿನ ನಿಜ ನೋಡುವುದಿಲ್ಲ. ಅಂದ ಮಾತ್ರಕ್ಕೆ ಸರ್ಕಾರಿ ಪುಟ ಬೇಡ ಅಂತಲ್ಲ. ಈಗಿನ ಉತ್ಪಾದನೆ, ಘಟಕಗಳ ಲೆಕ್ಕಕ್ಕೆ ನಾನು ಮೊದಲು ತೆರೆಯುವುದು ಅದನ್ನೇ.

ಎರಡನೆಯದು, ಪುಟ ಬಿಟ್ಟು ಹೊರಗೆ ಹೋಗುವುದು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 45 ಜನರನ್ನು ಕೂರಿಸಿ ಜಾಲತಾಣಗಳನ್ನು ಅಳೆಯಲು ಹೇಳಿದ್ದರು. ಅದರ ವರದಿ 2017ರಲ್ಲಿ ಬಂತು. ಇತಿಹಾಸದ ವಿದ್ವಾಂಸರೂ ವಿದ್ಯಾರ್ಥಿಗಳೂ ಹೆಚ್ಚಾಗಿ ಅದೇ ಪುಟ ಓದುತ್ತಾ ಕೂತು ಎಡವಿದರು. ಫ್ಯಾಕ್ಟ್ ಚೆಕ್ ಮಾಡುವವರು ಬೇಗನೆ ಹೊಸ ಟ್ಯಾಬ್ ತೆರೆದು, ಈ ತಾಣದ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ನೋಡಿದರು. ಸರಿಯಾದ ಉತ್ತರಕ್ಕೆ ಬೇಗ ಬಂದವರು ಅವರೇ.

ನಾವೂ ಹಾಗೇ ಮಾಡಿದೆವು. ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೆ ಪುಟದ ಮೇಲೆ ಪುಟ. ಎಲ್ಲದರಲ್ಲೂ ಆಗಿನ ಮೈಸೂರು ದಿವಾನ ಶೇಷಾದ್ರಿ ಅಯ್ಯರ್ ಹೆಸರಿನಲ್ಲಿ ‘ಶೇಷಾದ್ರಿ’ ಹೋಗಿ ‘ಶೇಶಾದ್ರಿ’ ಆಗಿದೆ. ಅವಳೇ ಬೆರಳಿಟ್ಟು ತೋರಿಸಿದಳು. ಹತ್ತು ಸಾಕ್ಷಿ ಅಂದುಕೊಂಡಿದ್ದು ಒಂದೇ ಸಾಕ್ಷಿ, ಹತ್ತು ಕಾಪಿ. ಆಮೇಲೆ ‘ಭಾರತದ ಮೊದಲ ಜಲವಿದ್ಯುತ್’ ಅಂತ ಹುಡುಕಿದೆವು. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪಾಂಗ್ ಸಿಕ್ಕಿತು, 1897. ಇನ್ನೂ ಹಿಂದೆ ಹೋದರೆ ಜಪಾನಿನ ಕ್ಯೋಟೋದಲ್ಲಿ ಕೆಆಗೆ, 1891. ಎಲ್ಲಾ ಸೇರಿ ಹತ್ತು ಹದಿನೈದು ನಿಮಿಷ.

ಮೂರನೆಯದು ಬೇರಿಗೇ ಹೋಗುವುದು. ಇದಕ್ಕೆ ಇಡೀ ಸಂಜೆ ಬೇಕಾಯಿತು. ವಿಕಿಪೀಡಿಯ ಇಲ್ಲಿ ಏಣಿಯ ಹಾಗೆ ಕೆಲಸಕ್ಕೆ ಬಂತು: ಲೇಖನ ಓದಿ ನಿಲ್ಲದೆ ಕೆಳಗಿನ ಉಲ್ಲೇಖಗಳಿಗೆ ಇಳಿದೆವು, ‘ಚರ್ಚೆ’ ಪುಟವನ್ನೂ ತೆರೆದೆವು. ಅಲ್ಲಿಂದ ಇಂಟರ್ನೆಟ್ ಆರ್ಕೈವ್ ಅನ್ನುವ ಆನ್‌ಲೈನ್ ಗ್ರಂಥಾಲಯದಲ್ಲಿರುವ ಹಳೆಯ ಗೆಜೆಟಿಯರ್‌ಗಳಿಗೆ, ಅಂದರೆ ಊರು-ಸೀಮೆಯ ವಿವರ ಬರೆದಿಟ್ಟ ಸರ್ಕಾರಿ ಪುಸ್ತಕಗಳಿಗೆ. ಮೊದಲು ಏನೂ ಸಿಗಲಿಲ್ಲ. ಆ ಕಾಲದ ಇಂಗ್ಲಿಷ್ ಪುಸ್ತಕಗಳಲ್ಲಿ ಊರು ‘ಶಿವಸಮುದ್ರಂ’, ಕಾವೇರಿ ಶುರುವಾಗುವುದು ‘ಸಿ’ ಅಕ್ಷರದಿಂದ. ಹಾಗೆ ಟೈಪ್ ಮಾಡಿದ ಮೇಲೆ ಬಾಗಿಲು ತೆರೆಯಿತು. ಕೋಲಾರದ ಚಿನ್ನದ ಗಣಿಗೆ 92 ಮೈಲಿ ತಂತಿ ಎಳೆದ ಕತೆಯನ್ನು ಅವಳು ಬಾಯಿಬಿಟ್ಟುಕೊಂಡು ಓದಿದಳು. ಸಿದ್ರಾಪಾಂಗ್ ಶುರುವಾಗಿದ್ದು 130 ಕಿಲೋವ್ಯಾಟ್‌ನಲ್ಲಿ, ಶಿವನಸಮುದ್ರ 4,000 ಕಿಲೋವ್ಯಾಟ್‌ಗೂ ಜಾಸ್ತಿ. ‘ಮೊದಲು’ ಅನ್ನುವ ಸುಳ್ಳು ಹೊಗಳಿಕೆಗಿಂತ ಇದು ಎಷ್ಟು ದೊಡ್ಡ ಮಾತು, ಅಲ್ವಾ?

ಮಕ್ಕಳ ಕೈಗೆ ಒಂದೇ ದಾರಿ ಕೊಡಿ ಅಂದರೆ ನಾನು ಕೊಡುವುದು ಎರಡನೆಯದನ್ನು. ಮೂರನೆಯದನ್ನು ಎಲ್ಲಾ ಸಾಲಿಗೂ ಮಾಡಲು ಯಾರಿಗೂ ಆಗುವುದಿಲ್ಲ. ಪ್ರಾಜೆಕ್ಟ್ ನಿಂತಿರುವುದೇ ಯಾವ ಸಾಲಿನ ಮೇಲೆ, ಅದಕ್ಕೊಂದಕ್ಕೆ ಮಾಡಿದರೆ ಸಾಕು. ಬರೀ ಚೆಕ್‌ಲಿಸ್ಟ್ ಹಿಡಿಸಿ ಕಳಿಸುವುದು ಮಾತ್ರ ನನಗೆ ಸರಿ ಅನ್ನಿಸುವುದಿಲ್ಲ.

ಅವಳು ಮೊದಲ ಸಾಲು ಹೊಡೆದುಹಾಕಿ ಹೊಸದಾಗಿ ಬರೆದಳು. ಆಮೇಲೆ ಕೆಳಗಿನ ಸಾಲು ನೋಡಿ ನಿಂತಳು: ‘1905ರಲ್ಲಿ ಏಷ್ಯಾದಲ್ಲೇ ಮೊದಲು ವಿದ್ಯುತ್ ಬೀದಿದೀಪ ಕಂಡ ಊರು ಬೆಂಗಳೂರು.’ ನಾನು ಏನೂ ಹೇಳುವ ಮೊದಲೇ ಹೊಸ ಟ್ಯಾಬ್ ತೆರೆದಿದ್ದಳು. ಟೋಕಿಯೋದ ಗಿಂಜಾ ಬೀದಿ, 1882.