ಪೆನಾಂಗ್‌ನಲ್ಲಿ ಹಡಗು ನಿಂತ ದಿನ: ಟೂರ್ ಬಸ್ಸೋ, ಟ್ಯಾಕ್ಸಿಯೋ, ಊರ ಬಸ್ಸೋ, ಕಾಲ್ನಡಿಗೆಯೋ?

ಮಲೇಷ್ಯಾದ ಪೆನಾಂಗ್‌ಗೆ ಬರುವ ಕ್ರೂಸ್ ಹಡಗುಗಳು ನಿಲ್ಲುವ ಸ್ವೆಟೆನ್‌ಹ್ಯಾಮ್ ಪಿಯರ್, ಜಾರ್ಜ್ ಟೌನ್‌ನ ಹಳೇ ಪೇಟೆಗೆ ಅಂಟಿಕೊಂಡೇ ಇದೆ. ಗೇಟು ದಾಟಿದರೆ ಗಡಿಯಾರದ ಗೋಪುರ (60 ಅಡಿ ಎತ್ತರ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ವರ್ಷಕ್ಕೊಂದು ಅಡಿ), ಅದರ ಪಕ್ಕ ಫೋರ್ಟ್ ಕಾರ್ನ್‌ವಾಲಿಸ್. ಬ್ಯಾಂಕಾಕ್ ನೋಡಬೇಕಾದವರು ಲೇಮ್ ಚಬಾಂಗ್‌ನಲ್ಲಿ, ಕ್ವಾಲಾಲಂಪುರ ನೋಡಬೇಕಾದವರು ಪೋರ್ಟ್ ಕ್ಲಾಂಗ್‌ನಲ್ಲಿ ಇಳಿಯಬೇಕು. ಅಲ್ಲಿ ಊರು ದೂರ, ದಾರಿಯಲ್ಲಿ ಟ್ರಾಫಿಕ್ ಬೇರೆ. ಅಂಥ ಕಡೆ ಹಡಗಿನವರ ಟೂರ್‌ಗೆ ದುಡ್ಡು ಕೊಡುವುದರಲ್ಲಿ ಅರ್ಥವಿದೆ. ಪೆನಾಂಗ್‌ನಲ್ಲಿ ಆ ಲೆಕ್ಕ ಉಲ್ಟಾ.

ಒಂದು ದಿನಕ್ಕೆ ಇಲ್ಲಿ ಎರಡು ಗುರಿ ಸಾಕು. ಒಂದು, ಏರ್ ಇಟಾಮ್ ಕಡೆಯ ಪೆನಾಂಗ್ ಹಿಲ್ ಮತ್ತು ಕೆಕ್ ಲೋಕ್ ಸಿ ದೇವಾಲಯ. ಇನ್ನೊಂದು, 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹಳೇ ಪೇಟೆ. ಬಟು ಫೆರಿಂಗಿ ಬೀಚನ್ನು ಮೂರನೆಯದಾಗಿ ತುರುಕುವವರಿದ್ದಾರೆ. ಹೋಗಿಬರುವುದರಲ್ಲೇ ಅರ್ಧ ದಿನ ಹಾಳು, ನೀರಲ್ಲಿ ಜೆಲ್ಲಿ ಮೀನಿನ ಕಾಟ. ಬಿಟ್ಟುಬಿಡಿ.

ಹಡಗಿನ ಟೂರ್‌ನ ದೊಡ್ಡ ಬಲ ಒಂದೇ: ಬಸ್ಸು ತಡವಾದರೆ ಹಡಗು ಕಾಯುತ್ತದೆ. ಬೇರಾವ ದಾರಿಯಲ್ಲಿ ಹೋದರೂ ಈ ಭರವಸೆ ಇಲ್ಲ. ಆದರೆ ಬೆಳಗ್ಗೆ ಥಿಯೇಟರ್‌ನಲ್ಲಿ ಕೂತು ಎದೆಗೆ ನಂಬರಿನ ಸ್ಟಿಕರ್ ಅಂಟಿಸಿಕೊಂಡು ಕರೆಯುವ ತನಕ ಕಾಯಬೇಕು. ನಿಂತಲ್ಲೆಲ್ಲ ಬಸ್ಸಿನಷ್ಟೂ ಜನ ಹತ್ತಿ ಇಳಿಯಬೇಕು. ಬಾಟಿಕ್ ಅಥವಾ ಚಾಕಲೇಟ್ ಅಂಗಡಿಯ ಬಾಗಿಲಲ್ಲಿ ಒಂದು ನಿಲುಗಡೆ ಇದ್ದರೂ ಆಶ್ಚರ್ಯವಿಲ್ಲ. ಬೆಲೆ ತಲೆಗಿಷ್ಟು ಎಂದಿರುವುದರಿಂದ ನಾಲ್ಕು ಜನರ ಕುಟುಂಬಕ್ಕೆ ಹೊರೆಯೇ. ಇಷ್ಟಾಗಿಯೂ ಪೇಟೆಯ ಸಣ್ಣ ಬೀದಿಗಳಿಗೆ ದೊಡ್ಡ ಬಸ್ಸು ನುಗ್ಗುವುದಿಲ್ಲ, ಕೊನೆಗೆ ನಡೆಯುವುದೇ.

ಗೇಟಿನಾಚೆ ಕೂಗಿ ಕರೆಯುವ ಟ್ಯಾಕ್ಸಿಗಳಲ್ಲಿ ಮೀಟರ್ ಮಾತೇ ಇಲ್ಲ, ಗಂಟೆ ಲೆಕ್ಕ. ಹತ್ತುವ ಮೊದಲೇ ಮೂರು ವಿಷಯ ಬಾಯಿಬಿಟ್ಟು ಕೇಳಿ: ಹೇಳಿದ ಮೊತ್ತ ಇಡೀ ಕಾರಿಗೋ ತಲೆಗೋ, ಕಾಯುವ ಸಮಯ ಅದರಲ್ಲಿ ಸೇರಿದೆಯೋ, ಎಲ್ಲೆಲ್ಲಿ ನಿಲ್ಲಿಸುತ್ತಾರೆ. ಹಣ ಕೊನೆಗೇ ಕೊಡಿ. ಮೊಣಕಾಲು ನೋವಿನ ಹಿರಿಯರು ಜೊತೆಗಿದ್ದರೆ ಇದೇ ಸರಿ. ಕೆಕ್ ಲೋಕ್ ಸಿಯಲ್ಲಿ ಕೆಳಗಿನ ಬಾಗಿಲಿಗೆ ಬೇಡ, ಮೇಲಿನ ಕರುಣೆಯ ದೇವತೆ ಕ್ವಾನ್ ಯಿನ್ ಪ್ರತಿಮೆಯ ಕಡೆಯ ಪಾರ್ಕಿಂಗ್‌ಗೇ ಬಿಡಲು ಹೇಳಬಹುದು. 30 ಮೀಟರ್ ದಾಟಿದ ಆ ಕಂಚಿನ ವಿಗ್ರಹ ನೋಡಿ ನಿಧಾನಕ್ಕೆ ಇಳಿದು ಬಂದರೆ ಅಂಗಡಿಗಳ ನಡುವಿನ ಮೆಟ್ಟಿಲು ಹತ್ತುವ ಪಾಡು ತಪ್ಪುತ್ತದೆ. ಇಳಿಯುತ್ತ ಏಳಂತಸ್ತಿನ ಪಗೋಡ ಸಿಗುತ್ತದೆ: ಬುಡ ಚೀನೀ ಶೈಲಿ, ನಡು ಥಾಯ್, ತುದಿ ಬರ್ಮಾದ್ದು.

ಕಾಲು ಗಟ್ಟಿ ಇರುವವರಿಗೆ ಗ್ರಾಬ್ ಆ್ಯಪ್‌ನಲ್ಲಿ ಕರೆಯುವ ಬಾಡಿಗೆ ಕಾರು ಅಗ್ಗ. ಬೆಟ್ಟ ಹತ್ತುವ ಹಗ್ಗದ ರೈಲಿನ ಬುಡದ ಸ್ಟೇಷನ್‌ಗೆ ಟ್ರಾಫಿಕ್ ಇಲ್ಲದಿದ್ದರೆ ಅರ್ಧ ಗಂಟೆ. ತೊಡಕುಗಳು ಇಲ್ಲೂ ಇವೆ. ಆ್ಯಪ್‌ಗೆ ಕಾರ್ಡ್ ಸೇರಿಸುವಾಗ ಬರುವ ಒಟಿಪಿ, ರೋಮಿಂಗ್ ಇಲ್ಲದ ಸಿಮ್‌ಗೆ ಬಂದರೆ ಕೆಲಸ ಕೆಟ್ಟಿತು. ಹಿಂದಿನ ದಿನವೇ ಸೇರಿಸಿ, ಇಲ್ಲವೇ ನಗದು ಆಯ್ಕೆ ಒತ್ತಿ. ಮಧ್ಯಾಹ್ನ ಮಳೆ ಹಿಡಿದರೆ ಎಲ್ಲರೂ ಒಟ್ಟಿಗೆ ಕಾರು ಕರೆಯುತ್ತಾರೆ, ದರ ಏರುತ್ತದೆ, ಕಾರು ಸಿಗುವುದೂ ಕಷ್ಟ.

ಅದಕ್ಕೇ 204 ನಂಬರಿನ ರ‍್ಯಾಪಿಡ್ ಪೆನಾಂಗ್ ಬಸ್ಸು ಗೊತ್ತಿರಬೇಕು. ವೆಲ್ಡ್ ಕ್ವೇಯ ಫೆರಿ ಜೆಟ್ಟಿ ಬಳಿಯ ಬಸ್ ನಿಲ್ದಾಣ ಪಿಯರ್‌ನಿಂದ ದಕ್ಷಿಣಕ್ಕೆ ಹತ್ತು ಹದಿನೈದು ನಿಮಿಷದ ನಡಿಗೆ. ಅಲ್ಲಿಂದ ಕೊಮ್ತಾರ್, ಏರ್ ಇಟಾಮ್ ದಾಟಿ ಬೆಟ್ಟದ ಬುಡಕ್ಕೆ ಹೋಗುತ್ತದೆ. ಟಿಕೆಟ್ ಕೆಲವೇ ರಿಂಗಿಟ್, ಆದರೆ ಡ್ರೈವರ್ ಚಿಲ್ಲರೆ ಕೊಡುವುದಿಲ್ಲ. ಹತ್ತರ ನೋಟು ಹಾಕಿದರೆ ಹತ್ತೂ ಹೋಯಿತು. ಏರ್ ಇಟಾಮ್ ಮಾರುಕಟ್ಟೆಯ ಬಳಿ ಬಸ್ಸು ತೆವಳುತ್ತದೆ, ಒಂದು ಗಂಟೆ ಎಂದೇ ಇಟ್ಟುಕೊಳ್ಳಿ. ಸಮಯವಿದ್ದಾಗ ಹೋಗುವುದಕ್ಕೆ ಚೆನ್ನ, ಹಡಗಿಗೆ ಓಡುವಾಗ ನೆಚ್ಚಿಕೊಳ್ಳಬೇಡಿ.

ಯಾವ ವಾಹನವಾದರೂ ಬೆಟ್ಟ ಬೆಳಗ್ಗೆ, ಪೇಟೆ ಮಧ್ಯಾಹ್ನ. ಹೊತ್ತು ಏರಿದಂತೆ ಮೋಡ ಕವಿದು ಕೆಳಗಿನ ಊರು ಮಸುಕಾಗುತ್ತದೆ. 1920ರ ದಶಕದಿಂದ ಇರುವ, 2011ರಲ್ಲಿ ಹೊಸ ಬೋಗಿ ಪಡೆದ ಹಗ್ಗದ ರೈಲಿನಲ್ಲಿ ಹತ್ತುವಾಗ ಹಿಂಬದಿಯ ಗಾಜಿಗೆ ಒರಗಿ ನಿಲ್ಲಿ. ಜನ ಮುಂಬದಿಗೆ ನುಗ್ಗುತ್ತಾರೆ, ಅಲ್ಲಿ ಕಾಣುವುದು ಹಳಿ ಮತ್ತು ಸುರಂಗ. ಊರು, ಸಮುದ್ರ ಬಿಚ್ಚಿಕೊಳ್ಳುವುದು ಹಿಂದೆ. ಇಳಿಯುವಾಗ ಅದೇ ತುದಿ ಮುಂದಾಗುತ್ತದೆ. ವಿದೇಶಿಯರಿಗೆ ಟಿಕೆಟ್ ದರ ಹೆಚ್ಚು, ಸಾಲು ತಪ್ಪಿಸುವ ಫಾಸ್ಟ್ ಲೇನ್‌ಗೆ ಇನ್ನೂ ಹೆಚ್ಚು. ವಾರದ ದಿನ ಬೆಳಗ್ಗೆ ಅದು ದಂಡ. ಶನಿವಾರ, ಭಾನುವಾರ, ಶಾಲಾ ರಜೆಯಲ್ಲಿ ಮಾತ್ರ ಕೊಳ್ಳಿ. ಬಂದರಿನಲ್ಲಿ ಸಿಗುವ ಸಮಯವೇ ಆರು ಗಂಟೆಯೊಳಗಿದ್ದರೆ ಬೆಟ್ಟದ ಆಸೆ ಬಿಡಿ.

ಪೇಟೆಗೆ ವಾಹನವೇ ಬೇಡ. ಕೋಟೆಯಿಂದ 1818ರ ಸೇಂಟ್ ಜಾರ್ಜ್ ಚರ್ಚ್, ಕ್ವಾನ್ ಯಿನ್ ಗುಡಿ, ಕ್ವೀನ್ ಸ್ಟ್ರೀಟ್‌ನ ಮಹಾಮಾರಿಯಮ್ಮನ ಗುಡಿ, ಕಪಿತಾನ್ ಕೆಲಿಂಗ್ ಮಸೀದಿ, ಖೂ ಮನೆತನದ ಕುಲಭವನ ಖೂ ಕೊಂಗ್ಸಿ, ಆರ್ಮೇನಿಯನ್ ಸ್ಟ್ರೀಟ್‌ನ ಗೋಡೆಚಿತ್ರಗಳು, ಕೊನೆಗೆ ನೀರಿನ ಮೇಲೆ ಕಂಬದ ಮನೆಗಳಿರುವ ಚ್ಯೂ ಜೆಟ್ಟಿ. ಮೂರು ನಾಲ್ಕು ಕಿಲೋಮೀಟರ್ ಸುತ್ತು. ಅಂಗಡಿಮನೆಗಳ ಮುಂದಿನ ಮುಚ್ಚಿದ ಜಗಲಿಯಲ್ಲೇ ನಡೆದರೆ ಬಿಸಿಲು ತಪ್ಪುತ್ತದೆ, ಆದರೆ ಮನೆಯಿಂದ ಮನೆಗೆ ಮಟ್ಟ ಬದಲಾಗುತ್ತದೆ, ನಡುವೆ ಬೈಕು ನಿಂತಿರುತ್ತವೆ. ಗಾಲಿಕುರ್ಚಿಗೆ, ಮಗುವಿನ ತಳ್ಳುಗಾಡಿಗೆ ಆಗದು. ಅಂಥವರು ಸೈಕಲ್ ರಿಕ್ಷಾ ಹಿಡಿಯಲಿ, ದರ ಮೊದಲೇ ಗೊತ್ತುಮಾಡಿಕೊಂಡು. ಸಸ್ಯಾಹಾರಿಗಳು ಊಟಕ್ಕೆ ಲಿಟಲ್ ಇಂಡಿಯಾ ಕಡೆ ತಿರುಗಿ. ಅಸಾಮ್ ಲಕ್ಸಾದ ಸಾರು ಮೀನಿನದು, ತರಕಾರಿ ಎಂದು ಕೊಡುವ ಪಲ್ಯದಲ್ಲೂ ಸಿಗಡಿ ಪೇಸ್ಟ್ ಇರಬಹುದು.

ಗಡಿಯಾರದ ವಿಷಯ ಒಂದಿದೆ. ಫುಕೆಟ್‌ನಿಂದ ಬಂದ ಹಡಗು ಥಾಯ್ ಸಮಯವನ್ನೇ ಉಳಿಸಿಕೊಂಡಿದ್ದರೆ ಪೆನಾಂಗ್ ಒಂದು ಗಂಟೆ ಮುಂದಿರುತ್ತದೆ, ಮೊಬೈಲು ಇಳಿದೊಡನೆ ತಾನಾಗಿ ಬದಲಾಗುತ್ತದೆ. ಹಡಗು ಸಿಂಗಪುರದ ಸಮಯದಲ್ಲೇ ಇದ್ದರೆ ವ್ಯತ್ಯಾಸವಿಲ್ಲ. ಇಳಿಯುವ ಬಾಗಿಲ ಬಳಿ ಬರೆದಿರುವ ಹತ್ತುವ ಗಡುವು ಹಡಗಿನ ಸಮಯದ್ದು. ಅದರ ಪಕ್ಕ ಹಡಗಿನ ಗಡಿಯಾರವನ್ನೂ ಸೇರಿಸಿ ಒಂದು ಫೋಟೊ ತೆಗೆದುಕೊಳ್ಳಿ. ಬೆಟ್ಟದ ಬುಡವನ್ನು ಆ ಗಡುವಿಗೆ ಮೂರು ಗಂಟೆ ಮೊದಲೇ ಬಿಡಿ. ಚ್ಯೂ ಜೆಟ್ಟಿಯಲ್ಲಾದರೆ ಒಂದು ಗಂಟೆ ಉಳಿದಿದ್ದರೂ ಸಾಕು, ಅಲ್ಲಿಂದ ವೆಲ್ಡ್ ಕ್ವೇ ಹಿಡಿದು ನೇರ ನಡೆದರೆ ಪಿಯರ್.