ಹಳೆ ಹಾಡಿಗೆ ಹೊಸ ರೂಪ: ವೇಗ ಇಳಿಸಬೇಕೋ, ಬೀಟ್ ಹಾಕಬೇಕೋ?

ಹಳೆಯ ಚಿತ್ರಗೀತೆಯನ್ನು ಹೊಸದಾಗಿ ಹಾಡಲು ಹೊರಟವರಿಗೆ ಸಾಮಾನ್ಯವಾಗಿ ಎರಡು ದಾರಿ ಕಾಣುತ್ತವೆ: ಗಿಟಾರ್ ಹಿಡಿದು ನಿಧಾನವಾಗಿ ಹಾಡುವುದು, ಇಲ್ಲವೇ ಬೀಟ್ ಸೇರಿಸಿ ರೀಮಿಕ್ಸ್ ಮಾಡುವುದು.

ಮೊದಲನೆಯದಕ್ಕೆ ಇಳಯರಾಜ ಅವರಿಂದಲೇ ಪಾಠ ಕಲಿಯಬಹುದು. 1981ರ ‘ಗೀತಾ’ ಚಿತ್ರದ ‘ಜೊತೆಯಲಿ’ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಕಂಠದಲ್ಲಿ ಲವಲವಿಕೆಯಿಂದ ಓಡುತ್ತದೆ. ಅದೇ ಟ್ಯೂನನ್ನು ಇಳಯರಾಜ 2007ರ ಹಿಂದಿ ‘ಚೀನಿ ಕಮ್’ಗೆ ತಂದಾಗ ವೇಗ ಇಳಿಸಿದರು, ಕುಣಿಯುತ್ತಿದ್ದ ಹಾಡು ಪಿಸುಮಾತಾಯಿತು. ಟ್ಯೂನ್ ಗಟ್ಟಿಯಿದ್ದರೆ ಎಷ್ಟು ನಿಧಾನಿಸಿದರೂ ನಿಲ್ಲುತ್ತದೆ. ಆದರೆ ಹಾಡುವವರಿಗೆ ಇಲ್ಲಿ ಅಡಗಲು ಜಾಗವಿಲ್ಲ. ಸಾಲಿನ ಕೊನೆಯ ಸ್ವರ ಉದ್ದವಾಗುತ್ತದೆ, ಉಸಿರು ಸಾಲದಿದ್ದರೆ ಶ್ರುತಿ ಜಾರಿದ್ದು ಎಲ್ಲರಿಗೂ ಕೇಳಿಸುತ್ತದೆ. ಪಲ್ಲವಿ, ಚರಣಗಳ ನಡುವಿನ ವಯೊಲಿನ್ ಭಾಗಕ್ಕೆ ಬದಲಾಗಿ ಏನಿಡಬೇಕೆಂದೂ ಮೊದಲೇ ಯೋಚಿಸಿಕೊಳ್ಳಬೇಕು. ಆಲಾಪ ಸಾಕು.

ರೀಮಿಕ್ಸ್ ಮದುವೆ ಮನೆಗೆ, ಕಾಲೇಜು ವೇದಿಕೆಗೆ ಸರಿ. ಸಾಧಾರಣ ದನಿಯೂ ನಡೆಯುತ್ತದೆ. ತೊಡಕು ಬೇರೆಡೆ ಇದೆ. ಆಗಿನ ಹಾಡುಗಳನ್ನು ವಾದ್ಯಗಾರರು ಒಟ್ಟಿಗೆ ಕೂತು ನುಡಿಸಿದ್ದರಿಂದ ಲಯ ತುಸು ಹಿಂದೆಮುಂದೆ ಆಗಿರುತ್ತದೆ. ಅದರ ಮೇಲೆ ಕಂಪ್ಯೂಟರ್ ಬೀಟ್ ನೇರವಾಗಿ ಕೂರುವುದಿಲ್ಲ. ಮೂಲ ಧ್ವನಿಯನ್ನೇ ಬಳಸುವುದಾದರೆ ಆಡಿಯೊ ಕಂಪನಿಯ ಅನುಮತಿಯೂ ಬೇಕು.

ದನಿಯ ಮೇಲೆ ನಂಬಿಕೆಯಿದ್ದರೆ ಗಿಟಾರ್ ದಾರಿಯನ್ನೇ ಹಿಡಿಯಿರಿ. ಬೀಟ್ ಬೇಕೇ ಬೇಕೆಂದರೆ ಹಳೆಯ ರೆಕಾರ್ಡಿಂಗ್ ಬಿಟ್ಟು, ಮೆಟ್ರೊನೋಮ್ (ಒಂದೇ ವೇಗದಲ್ಲಿ ತಾಳ ಕೊಡುವ ಸಾಧನ) ಹಾಕಿಕೊಂಡು ನೀವೇ ಹೊಸದಾಗಿ ಹಾಡಿ.