ಒಂದು ಪೋಲೊ, ಮೂರು ಟ್ಯೂನ್: ಸಿಲ್ಕ್ ಬೋರ್ಡ್ ಬಿಸಿಲಿಗೆ ತಡೆದುಕೊಂಡದ್ದು ಯಾವುದು?

ನನ್ನ ಪೋಲೊ ಕೈತಪ್ಪಿದರೆ ಅಂಥದೇ ಹೊಸದೊಂದನ್ನು ಕೊಳ್ಳುವ ದಾರಿ ಇಲ್ಲ. ಪುಣೆ ಬಳಿಯ ಚಾಕಣದಲ್ಲಿ ತಯಾರಾಗುತ್ತಿದ್ದ ಈ ಕಾರಿನ ಮಾರಾಟವನ್ನು ಫೋಕ್ಸ್‌ವ್ಯಾಗನ್ 2022ರಲ್ಲಿ ನಿಲ್ಲಿಸಿತು. ನನ್ನದು 2021ರ ಒಂದು ಲೀಟರ್ ಟಿಎಸ್‌ಐ (ಟರ್ಬೊ ಇರುವ ಪೆಟ್ರೋಲ್ ಎಂಜಿನ್), ಆರು ಗೇರಿನ ಮ್ಯಾನುಯಲ್. ಇನ್ನೂ ಹತ್ತು ವರ್ಷ ಇದನ್ನೇ ಓಡಿಸಬೇಕೆಂಬುದು ನನ್ನ ಆಸೆ. ಜೊತೆಗೆ ಇನ್ನಷ್ಟು ಶಕ್ತಿಯೂ ಬೇಕಿತ್ತು. ಈ ಎರಡು ಆಸೆಗಳು ಎಲ್ಲಿ ಹೊಂದಿಕೊಳ್ಳುತ್ತವೆ, ಎಲ್ಲಿ ಜಗಳವಾಡುತ್ತವೆ ಎಂದು ತಿಳಿಯಲು ಒಂದೇ ಕಾರಿನಲ್ಲಿ ಒಂದಾದ ಮೇಲೊಂದರಂತೆ ಮೂರು ಬಗೆಯ ಟ್ಯೂನ್, ಅಂದರೆ ಎಂಜಿನ್ನಿನಿಂದ ಹೆಚ್ಚು ಶಕ್ತಿ ತೆಗೆಯುವ ಮಾರ್ಪಾಡು, ಹಾಕಿಸಿ ನೋಡಿದೆ. ಮೊದಲನೆಯದು ಹೊರಗಿನಿಂದ ಜೋಡಿಸುವ ಪಿಗ್ಗಿಬ್ಯಾಕ್ ಬಾಕ್ಸ್. ಎರಡನೆಯದು ಸಿದ್ಧ ಫೈಲಿನ ಸ್ಟೇಜ್ 1 ರೀಮ್ಯಾಪ್, ಅಂದರೆ ಬಿಡಿಭಾಗ ಬದಲಿಸದೆ ಎಂಜಿನ್ನಿನ ಕಂಪ್ಯೂಟರಿನ ಸಾಫ್ಟ್‌ವೇರನ್ನಷ್ಟೇ ಬದಲಿಸುವುದು. ಮೂರನೆಯದು ಇದೇ ಕಾರನ್ನು ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ನಿಲ್ಲಿಸಿ ಬರೆದ ಕಸ್ಟಮ್ ರೀಮ್ಯಾಪ್.

999 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಇದು. ಕಂಪನಿ ಹೇಳುವ ಶಕ್ತಿ 110 ಪಿಎಸ್ (ಕುದುರೆಶಕ್ತಿಯ ಅಳತೆ), ಟಾರ್ಕ್ (ತಿರುಗಿಸುವ ಬಲ) 175 ನ್ಯೂಟನ್ ಮೀಟರ್. ಯುರೋಪಿನಲ್ಲಿ ಇದೇ ಕುಟುಂಬದ ಎಂಜಿನ್ 200 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಅಂದರೆ ಒಳಗೆ ಇನ್ನೂ ಸ್ವಲ್ಪ ಜಾಗವಿದೆ. ಆ ಜಾಗ ಬೆಂಗಳೂರಿನಲ್ಲಿ ಎಷ್ಟು ಎಂಬುದೇ ಪ್ರಶ್ನೆ. ನಮ್ಮ ಊರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಇಲ್ಲಿನ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ. ಗಾಳಿಯನ್ನು ಹಿಂಡಿ ಎಂಜಿನ್ನಿಗೆ ತುಂಬುವ ಟರ್ಬೊ ಇಲ್ಲದ ಎಂಜಿನ್ ಅಷ್ಟು ಶಕ್ತಿಯನ್ನು ಕಳೆದುಕೊಂಡು ಸುಮ್ಮನಾಗುತ್ತದೆ. ಟರ್ಬೊ ಇರುವ ಎಂಜಿನ್ ಸುಮ್ಮನಾಗುವುದಿಲ್ಲ. ಕೊರತೆ ತುಂಬಲು ಟರ್ಬೈನ್ ಇನ್ನಷ್ಟು ವೇಗವಾಗಿ ತಿರುಗುತ್ತದೆ, ತೆಳುವಾದ ಗಾಳಿಯನ್ನು ಹೆಚ್ಚು ಹಿಂಡುತ್ತದೆ, ಹಿಂಡಿದಷ್ಟೂ ಗಾಳಿ ಕಾಯುತ್ತದೆ. ಟ್ಯೂನ್ ಎಂದರೆ ಈ ಹಿಂಡುವ ಕೆಲಸವನ್ನು ಮತ್ತೂ ಹೆಚ್ಚಿಸುವುದು. ಬೇರೆ ದೇಶದ ಕಡಲತೀರದಲ್ಲಿ ಬರೆದ ಅಂಕಿಗಳು ಇಲ್ಲಿ ಹಾಗೆಯೇ ಕೈಗೆ ಸಿಗದಿರುವುದಕ್ಕೆ ಇದು ಮೊದಲ ಕಾರಣ.

ಎರಡನೆಯ ಕಾರಣ ಟ್ರಾಫಿಕ್. ಹಿಂಡಿ ಕಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಈ ಎಂಜಿನ್ನಿನಲ್ಲಿ ಬಂಪರಿನ ಹಿಂದೆ ಗಾಳಿಗೆ ಮುಖ ಮಾಡಿ ಕುಳಿತಿಲ್ಲ. ಅದು ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನೊಳಗೇ ಇದೆ, ಗಾಳಿಯನ್ನು ತಂಪು ಮಾಡುವುದು ಅದರೊಳಗೆ ಹರಿಯುವ ನೀರು. ಕಾರು ಓಡುತ್ತಿರುವಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್‌ನಲ್ಲಿ ಮುಕ್ಕಾಲು ಗಂಟೆ ನಿಂತರೆ ಆ ನೀರೂ ಬಿಸಿಯಾಗುತ್ತದೆ, ಮತ್ತೆ ತಣಿಯಲು ಕೆಲವು ಕಿಲೋಮೀಟರ್ ಓಟ ಬೇಕಾಗುತ್ತದೆ. ಹಾಗಾಗಿ ಎರಡು ಪರೀಕ್ಷೆ ಇಟ್ಟುಕೊಂಡೆ. ಎರಡರಲ್ಲೂ ಅಳೆದದ್ದು ಒಂದನ್ನೇ: ಮೂರನೇ ಗೇರಿನಲ್ಲಿ 40ರಿಂದ 80 ಕಿಲೋಮೀಟರ್ ವೇಗಕ್ಕೆ ಎಷ್ಟು ಸೆಕೆಂಡ್. ತಂಪು ಪರೀಕ್ಷೆ ಬೆಳಗಿನ ಆರಕ್ಕೆ, ಬಿಡದಿ ದಾಟಿದ ಮೇಲೆ, ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆದದ್ದು. ಬಿಸಿ ಪರೀಕ್ಷೆ ಮಧ್ಯಾಹ್ನ, ಸಿಲ್ಕ್ ಬೋರ್ಡ್ ದಟ್ಟಣೆ ದಾಟಿ ಎಲೆಕ್ಟ್ರಾನಿಕ್ ಸಿಟಿಯ ಎತ್ತರಿಸಿದ ರಸ್ತೆ ಹತ್ತಿ, ಹಿಂದೆ ಮುಂದೆ ವಾಹನವಿಲ್ಲದಿದ್ದಾಗ. ಜಿಪಿಎಸ್ ಉಪಕರಣದಿಂದ ಸಮಯ, ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಒಬಿಡಿ ರೀಡರ್‌ನಿಂದ ಒಳಹೋಗುವ ಗಾಳಿಯ ಉಷ್ಣತೆ ಮತ್ತು ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತುವ ಸಮಯ) ದಾಖಲಿಸಿಕೊಂಡೆ. ಪೆಟ್ರೋಲ್ ಉದ್ದಕ್ಕೂ 95 ಆಕ್ಟೇನ್ (ತಾನಾಗಿ ಸಿಡಿಯದೆ ತಡೆದುಕೊಳ್ಳುವ ಗುಣದ ಅಳತೆ), ಮೈಸೂರು ರಸ್ತೆಯ ಒಂದೇ ಬಂಕಿನದು. ಟ್ಯೂನ್ ಇಲ್ಲದ ಕಾರಿಗೆ ತಂಪಿನಲ್ಲಿ 5.6 ಸೆಕೆಂಡ್, ಬಿಸಿಯಲ್ಲಿ 5.9 ಸೆಕೆಂಡ್ ಹಿಡಿಯಿತು.

ಪಿಗ್ಗಿಬ್ಯಾಕ್ ಬಾಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೆ.ಸಿ. ರಸ್ತೆಯಲ್ಲಿ ಕೊಂಡದ್ದು, ಬೆಲೆ 24 ಸಾವಿರ, ಜೋಡಿಸಲು ಅರ್ಧ ಗಂಟೆ ಸಾಕಾಯಿತು. ಅದು ಮಾಡುವ ಕೆಲಸ ಸರಳ: ಟರ್ಬೊ ಹಿಂಡಿದ ಗಾಳಿಯ ಒತ್ತಡವನ್ನು, ಅಂದರೆ ಬೂಸ್ಟನ್ನು, ಅಳೆಯುವ ಸೆನ್ಸರಿಗೂ ಎಂಜಿನ್ನಿನ ಕಂಪ್ಯೂಟರಾದ ಇಸಿಯುವಿಗೂ ನಡುವೆ ಕುಳಿತು, ಇರುವುದಕ್ಕಿಂತ ಕಡಿಮೆ ಒತ್ತಡವಿದೆ ಎಂದು ಹೇಳುವುದು. ಇಸಿಯು ಅದನ್ನು ನಂಬಿ ಟರ್ಬೊವನ್ನು ಇನ್ನಷ್ಟು ದುಡಿಸುತ್ತದೆ. ಹೀಗೆ ಕಣ್ಣಿಗೆ ಮಣ್ಣೆರಚಿ ಪಡೆದ ಶಕ್ತಿಗೆ ಮಿತಿ ಬಹಳ ಹತ್ತಿರದಲ್ಲೇ ಇದೆ. ಇಗ್ನಿಷನ್ ಟೈಮಿಂಗ್ ಅದರ ಕೈಯಲ್ಲಿಲ್ಲ, ಬಿಸಿ ಹೆಚ್ಚಾದರೆ ಏನು ಮಾಡಬೇಕೆಂಬುದೂ ಅದಕ್ಕೆ ಗೊತ್ತಿಲ್ಲ. ತಂಪಿನಲ್ಲಿ 5.0 ಸೆಕೆಂಡ್, ಬಿಸಿಯಲ್ಲಿ 5.7. ಅರ್ಧ ಆಕ್ಸಿಲರೇಟರಿನಲ್ಲಿ ಕಾರು ಆಗಾಗ ಸಣ್ಣದಾಗಿ ಮುಗ್ಗರಿಸಿದಂತೆ ಅನ್ನಿಸುತ್ತಿತ್ತು. ಒಂದು ಅನುಕೂಲವಿದೆ: ಬೇಡವೆಂದ ದಿನ ಬಿಚ್ಚಿಡಬಹುದು. ವಾರಂಟಿ ಇನ್ನೂ ಉಳಿದಿರುವವರು ಬಾಕ್ಸ್ ಕೊಳ್ಳುವುದು ಇದೇ ಕಾರಣಕ್ಕೆ. ಹಾಗೆಂದು ಇಸಿಯು ಎಲ್ಲವನ್ನೂ ಮರೆತುಬಿಡುತ್ತದೆ ಎಂದು ನಂಬಬೇಡಿ. ಹೊಂದಿಕೆಯಾಗದ ಒತ್ತಡದ ಅಂಕಿ ಕಂಡರೆ ಅದು ದೋಷವೆಂದು ಬರೆದಿಟ್ಟುಕೊಳ್ಳುತ್ತದೆ.

ಇಲ್ಲೇ ವಾರಂಟಿಯ ಮಾತನ್ನೂ ಮುಗಿಸುತ್ತೇನೆ. ಫೋಕ್ಸ್‌ವ್ಯಾಗನ್ ಗುಂಪಿನ ಕಾರಿನ ಇಸಿಯು ಸಾಫ್ಟ್‌ವೇರ್ ಬದಲಾಗಿರುವುದು ಸರ್ವಿಸ್ ಕೇಂದ್ರದ ಸ್ಕ್ಯಾನರ್‌ಗೆ ಸಿಕ್ಕಿಬಿದ್ದರೆ ಆ ಕಾರಿನ ಹೆಸರಿಗೆ ಟಿಡಿ1 ಎಂಬ ಗುರುತು ಬೀಳುತ್ತದೆ. ಆಮೇಲೆ ಎಂಜಿನ್, ಗೇರ್‌ಬಾಕ್ಸ್‌ಗಳ ವಾರಂಟಿಯ ಆಸೆ ಬಿಡಬೇಕು. ನಾನು ರೀಮ್ಯಾಪ್‌ಗೆ ಕೈ ಹಾಕಿದ್ದು ವಾರಂಟಿ ಮುಗಿದ ಮೇಲೆಯೇ. ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿದೆ. ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನನ್ನು ಪ್ರತಿಯೊಬ್ಬ ಮಾಲೀಕನೂ ಹಣ ಕೊಡುವ ಮೊದಲೇ ಓದಬೇಕು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸುವ ಸ್ಟೇಜ್ 2 ಬೇಕೇ ಎಂದು ಇಬ್ಬರು ಕೇಳಿದರು. ಬೇಡವೆಂದೆ. ನನ್ನ ಎರಡು ಸೆಕೆಂಡಿನ ಸಂತೋಷದ ಹೊಗೆಯನ್ನು ಬೈಕಿನಲ್ಲಿ ಹಿಂದೆ ಬರುವವರು ಕುಡಿಯಬೇಕಾಗಿಲ್ಲ.

ಸಿದ್ಧ ಫೈಲಿನ ರೀಮ್ಯಾಪ್ ಮೊದಲ ದಿನ ನನ್ನನ್ನು ಗೆದ್ದಿತು. 30 ಸಾವಿರ ಕೊಟ್ಟೆ. ಒಬಿಡಿ ಪೋರ್ಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ, ಬ್ಯಾಟರಿಗೆ ಚಾರ್ಜರ್ ಹಾಕಿ, ಒಂದು ಗಂಟೆಯೊಳಗೆ ಕಾರು ಕೈಗೆ ಕೊಟ್ಟರು. ಮರುದಿನ ಬಿಡದಿಯಲ್ಲಿ 4.2 ಸೆಕೆಂಡ್! ಎಂಜಿನ್ ನಿಮಿಷಕ್ಕೆ 1,800 ಸುತ್ತು (ಆರ್‌ಪಿಎಂ) ಮುಟ್ಟುತ್ತಿದ್ದಂತೆ ಟಾರ್ಕ್ ಒಮ್ಮೆಲೇ ಮೇಲೇಳುತ್ತಿತ್ತು. ಬೆನ್ನು ಸೀಟಿಗೆ ಒತ್ತಿಕೊಳ್ಳುವ ಆ ಕ್ಷಣಕ್ಕಾಗಿಯೇ ಜನ ಟ್ಯೂನ್ ಹಾಕಿಸುತ್ತಾರೆ, ಆ ಸಂತೋಷವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ.

ಬಿಸಿ ಪರೀಕ್ಷೆಯಲ್ಲಿ ಅದೇ ಕಾರು 5.2 ಸೆಕೆಂಡ್ ತೆಗೆದುಕೊಂಡಿತು. ಪೂರ್ತಿ ಒಂದು ಸೆಕೆಂಡ್ ಎಲ್ಲಿ ಹೋಯಿತು? ದಾಖಲೆ ತೆರೆದಾಗ ಉತ್ತರ ಅಲ್ಲೇ ಇತ್ತು. ಸಿಲಿಂಡರಿನೊಳಗೆ ಕಿಡಿ ಹೊತ್ತಿಸಿದ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಶಾಖ, ಒತ್ತಡ ತಾಳಲಾರದೆ ತಾನಾಗಿ ಸಿಡಿಯುವುದಕ್ಕೆ ನಾಕಿಂಗ್ ಎನ್ನುತ್ತಾರೆ. ಅದರ ಸದ್ದನ್ನು ನಾಕ್ ಸೆನ್ಸರ್ ಕೇಳಿಸಿಕೊಂಡ ಕೂಡಲೇ ಇಸಿಯು ಕಿಡಿಯನ್ನು ತಡವಾಗಿ ಹೊತ್ತಿಸುತ್ತದೆ, ಶಕ್ತಿ ಇಳಿಯುತ್ತದೆ. ನನ್ನ ಮೂರು ಸಿಲಿಂಡರುಗಳಲ್ಲೂ ಟೈಮಿಂಗ್ 6ರಿಂದ 7 ಡಿಗ್ರಿ ಹಿಂದೆ ಸರಿದಿತ್ತು. ಸೆನ್ಸರ್ ಇದೆಯಲ್ಲ, ಅದು ನೋಡಿಕೊಳ್ಳುತ್ತದೆ ಎಂದು ಫೈಲ್ ಹಾಕಿದವರು ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಸೆನ್ಸರ್ ಎಚ್ಚೆತ್ತುಕೊಳ್ಳುವುದು ನಾಕಿಂಗ್ ಆದ ಮೇಲೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕಾವಲನ್ನು ಪ್ರತಿದಿನ ನೆಚ್ಚಿಕೊಳ್ಳಲಾಗದು. ಈ ಫೈಲ್ ಯಾವ ಆಕ್ಟೇನ್‌ಗೆ ಬರೆದದ್ದು ಎಂದು ಎರಡು ಸಲ ಕೇಳಿದೆ, ನೇರ ಉತ್ತರ ಬರಲಿಲ್ಲ. 99 ಆಕ್ಟೇನ್ ತುಂಬಿಸಿ ನೋಡಿದಾಗ ಟೈಮಿಂಗಿನ ಹಿಂಜರಿತ ಅರ್ಧಕ್ಕರ್ಧ ಇಳಿಯಿತು. ಅಲ್ಲಿಗೆ ಉತ್ತರ ಸಿಕ್ಕಂತಾಯಿತು. ಪ್ರತಿ ಸಲ ಅಷ್ಟು ದುಬಾರಿ ಪೆಟ್ರೋಲ್ ಹುಡುಕಿಕೊಂಡು ಹೋಗುವುದು ನನ್ನಿಂದಾಗದು.

ಮೂರನೇ ವಾರ ಕ್ಲಚ್ ಮಾತಾಡಿತು. ಐದನೇ ಗೇರಿನಲ್ಲಿ 2,200 ಆರ್‌ಪಿಎಂನಿಂದ ಪೂರ್ತಿ ಒತ್ತಿದಾಗ ಟ್ಯಾಕೋಮೀಟರಿನ ಮುಳ್ಳು ಮೇಲಕ್ಕೆ ಜಿಗಿಯಿತು, ಕಾರಿನ ವೇಗ ಮಾತ್ರ ಇದ್ದಲ್ಲೇ ಇತ್ತು: ಕ್ಲಚ್ ಜಾರಿತ್ತು. ಈ ಕಾರಿನ ಗೇರ್‌ಬಾಕ್ಸ್ ಕುಟುಂಬದ ಹೆಸರೇ ಎಂಕ್ಯೂ200, ಅದರಲ್ಲಿನ 200 ಎಂಬುದು ಟಾರ್ಕಿನ ಅಂದಾಜು ಮಿತಿ. ಫೈಲ್ ಮಾರುವವರ ಜಾಹೀರಾತಿನಲ್ಲಿದ್ದ ಟಾರ್ಕ್ 235. ಮೂಗಿಗಿಂತ ಮೂಗುತಿ ಭಾರವಾಗಿತ್ತು.

ಕಸ್ಟಮ್ ಟ್ಯೂನಿಗಾಗಿ ಪೀಣ್ಯದ ಗ್ಯಾರೇಜಿನಲ್ಲಿ ಒಂದು ಶನಿವಾರ ಬೆಳಗ್ಗೆಯಿಂದ ಸಂಜೆವರೆಗೆ ಕುಳಿತಿದ್ದೆ. ಖರ್ಚು 42 ಸಾವಿರ. ಆ ಟ್ಯೂನರ್ ಮೊದಲು ಕೇಳಿದ ಪ್ರಶ್ನೆ ಎಷ್ಟು ಪಿಎಸ್ ಬೇಕು ಎಂಬುದಲ್ಲ, ಯಾವ ಬಂಕಿನಲ್ಲಿ ಪೆಟ್ರೋಲ್ ಹಾಕಿಸುತ್ತೀರಿ, ದಿನಾ ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ ಎಂಬುದು. ವಿಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಎಂದೆ. ಹಾಗಾದರೆ ಬಿಸಿಗೆ ಬರೆಯೋಣ ಎಂದರು. ಡೈನೊ ಮೇಲೆ ಹನ್ನೊಂದು ಸಲ ಓಡಿಸಿದರು. ಕೊನೆಯ ನಾಲ್ಕು ಓಟಗಳಿಗೆ ಮುಂದಿನ ಫ್ಯಾನ್ ಆರಿಸಿ, ಎಂಜಿನ್ನನ್ನು ಬೇಕೆಂದೇ ಕಾಯಿಸಿ, ಗಾಳಿಯ ಉಷ್ಣತೆ ಏರಿದಂತೆ ಬೂಸ್ಟ್ ಮೊದಲೇ ಹಂತಹಂತವಾಗಿ ಇಳಿಯುವಂತೆ ಬರೆದರು. ನಾಕಿಂಗ್ ಆಗುವವರೆಗೆ ಕಾಯದ ಟ್ಯೂನ್ ಇದು.

ಇನ್ನೊಂದು ಬದಲಾವಣೆ ಕೆಳಗಿನ ಆರ್‌ಪಿಎಂನಲ್ಲಿತ್ತು. 2,000ಕ್ಕಿಂತ ಕೆಳಗೆ ಟಾರ್ಕನ್ನು ಬಹುತೇಕ ಕಂಪನಿ ಕೊಟ್ಟಷ್ಟೇ ಬಿಟ್ಟು, 2,400ರ ಹೊತ್ತಿಗೆ ನಿಧಾನವಾಗಿ 215ಕ್ಕೆ ಏರಿಸಿದ್ದರು. ಮೊದಲು ನನಗೆ ಬೇಸರವಾಯಿತು, ಬೆನ್ನಿಗೆ ಬೀಳುತ್ತಿದ್ದ ಆ ಗುದ್ದು ಇಲ್ಲವಾಗಿತ್ತು. ಕಾರಣ ಕೇಳಿದ ಮೇಲೆ ಬೇಸರ ಹೋಯಿತು. ನೇರ ಇಂಜೆಕ್ಷನ್ನಿನ ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಭಾರ ಹೇರಿದಾಗ ಕಿಡಿಗಿಂತ ಮುಂಚೆಯೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯವಿದೆ, ಎಲ್‌ಎಸ್‌ಪಿಐ ಎನ್ನುತ್ತಾರೆ. ನಾಕಿಂಗ್‌ಗೆ ಟೈಮಿಂಗ್ ಹಿಂದೆ ಸರಿಸುವುದಾದರೂ ಇದೆ, ಇದಕ್ಕೆ ಅದೂ ನಾಟುವುದಿಲ್ಲ, ಏಕೆಂದರೆ ಬೆಂಕಿ ಹೊತ್ತಿಸಿದ್ದು ಕಿಡಿಯೇ ಅಲ್ಲ. ಪಿಸ್ಟನ್ ಒಡೆಯಲು ಇಂಥ ಒಂದು ಹೊಡೆತವೂ ಸಾಕಾಗಬಹುದು.

ಈಗ ಬಂಕಿಗೆ ಬರುವ, ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರು. ಎಥೆನಾಲ್ ನಾಕಿಂಗ್ ತಡೆಯುವುದರಲ್ಲಿ ಪೆಟ್ರೋಲಿಗಿಂತ ಗಟ್ಟಿ, ಆದರೆ ಲೀಟರಿಗೆ ಸಿಗುವ ಶಕ್ತಿ ಮೂರರಲ್ಲೊಂದು ಪಾಲು ಕಡಿಮೆ. ಒಂದು ಭಾಗ ಪೆಟ್ರೋಲ್ ಉರಿಯಲು 14.7 ಭಾಗ ಗಾಳಿ ಬೇಕು, ಎಥೆನಾಲಿಗೆ 9 ಭಾಗ ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಜೆಕ್ಟರ್ ಹೆಚ್ಚು ಇಂಧನ ಸುರಿಯಬೇಕು. ಬೂಸ್ಟ್ ಏರಿಸಿದಾಗ ಇಂಜೆಕ್ಟರಿಗೆ ಇನ್ನೂ ಉಸಿರು ಉಳಿದಿದೆಯೇ ಎಂದು ಅವರು ಪ್ರತಿ ಓಟದಲ್ಲೂ ನೋಡುತ್ತಿದ್ದರು. ಸಿದ್ಧ ಫೈಲಿನವರಲ್ಲಿ ಈ ಮಾತೇ ಬಂದಿರಲಿಲ್ಲ.

ಫಲಿತಾಂಶ: ತಂಪಿನಲ್ಲಿ 4.4 ಸೆಕೆಂಡ್, ಬಿಸಿಯಲ್ಲಿ 4.6. ಬೆಳಗಿನ ಬಿಡದಿಯಲ್ಲಿ ಸಿದ್ಧ ಫೈಲಿಗೆ ಸೋತಿತು, ಮಧ್ಯಾಹ್ನದ ಬಿಸಿಲಿನಲ್ಲಿ ಅದನ್ನು ಬಹಳ ಹಿಂದೆ ಹಾಕಿತು. ಟೈಮಿಂಗ್ ಹಿಂಜರಿತ 2 ಡಿಗ್ರಿ ದಾಟಲಿಲ್ಲ. ಕ್ಲಚ್ ಜಾರಲಿಲ್ಲ. ನಾನು ವಾರಕ್ಕೆ ಐದು ದಿನ ಓಡಿಸುವುದು ಬಿಸಿ ಕಾರನ್ನೇ ಹೊರತು ತಂಪು ಕಾರನ್ನಲ್ಲ.

ಡೈನೊ ಹಾಳೆಯ ಅಂಕಿಗಳ ಬಗ್ಗೆ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಊರಿನ ಎತ್ತರ, ಹವೆ ನೋಡಿ ಅಂಕಿಯನ್ನು ಸಮುದ್ರಮಟ್ಟಕ್ಕೆ ಹೊಂದಿಸುವ ತಿದ್ದುಪಡಿ ಡೈನೊ ಸಾಫ್ಟ್‌ವೇರಿನಲ್ಲಿರುತ್ತದೆ. ಅದು ಟರ್ಬೊ ಇಲ್ಲದ ಎಂಜಿನ್‌ಗೆ ಸರಿ. ಟರ್ಬೊ ತನ್ನ ಕೊರತೆಯನ್ನು ಆಗಲೇ ತಾನೇ ತುಂಬಿಕೊಂಡಿರುತ್ತದೆ, ಅದರ ಮೇಲೆ ಮತ್ತೆ ತಿದ್ದಿದರೆ ಇಲ್ಲದ ಕುದುರೆಗಳು ಹಾಳೆಯ ಮೇಲೆ ಓಡತೊಡಗುತ್ತವೆ. ನನ್ನ ಕಾರಿಗೂ ತಿದ್ದುಪಡಿ ಹಾಕಿದಾಗ ಒಂದು ಅಂಕಿ, ತೆಗೆದಾಗ ಹತ್ತು ಪಿಎಸ್ ಕಡಿಮೆ ಇನ್ನೊಂದು. ಪೀಣ್ಯದ ಟ್ಯೂನರ್ ಕೇಳುವ ಮೊದಲೇ ಎರಡನ್ನೂ ಮುದ್ರಿಸಿ ಕೊಟ್ಟರು. ಅವರ ಮೇಲೆ ನಂಬಿಕೆ ಬಂದದ್ದು ಆಗ. ಬೆಂಗಳೂರಿನಲ್ಲಿ ಯಾರಾದರೂ ಡೈನೊ ಹಾಳೆ ತೋರಿಸಿದರೆ ತಿದ್ದುಪಡಿ ಇಲ್ಲದ ಅಂಕಿಯನ್ನು ಕೇಳಿ ಪಡೆಯಿರಿ, ಟ್ಯೂನಿಗೆ ಮುಂಚಿನ ಅಂಕಿಯೂ ಅದೇ ಯಂತ್ರದಲ್ಲಿ ಅದೇ ದಿನ ತೆಗೆದದ್ದಾಗಿರಲಿ.

ಮೈಲೇಜಿನಲ್ಲಿ ಮೂರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದನ್ನು ನಿರ್ಧರಿಸುವುದು ನನ್ನ ಬಲಗಾಲು ಮತ್ತು ರಸ್ತೆಯ ದಟ್ಟಣೆ.

ವಾರಾಂತ್ಯದಲ್ಲಷ್ಟೇ ಕಾರು ತೆಗೆದು, 99 ಆಕ್ಟೇನ್ ತುಂಬಿಸಿ, ಬೆಳಗಿನ ಜಾವ ನಂದಿಬೆಟ್ಟಕ್ಕೆ ಹೋಗಿಬರುವವರಿಗೆ, ಗಟ್ಟಿ ಕ್ಲಚ್ ಹಾಕಿಸಲು ಸಿದ್ಧರಿರುವವರಿಗೆ ಸಿದ್ಧ ಫೈಲ್ ನಿಜಕ್ಕೂ ಹೆಚ್ಚು ಖುಷಿ ಕೊಡಬಹುದು. ಬಾಕ್ಸನ್ನು ಮಾತ್ರ ಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ. ಇನ್ನು 18 ಸಾವಿರ ಸೇರಿಸಿದರೆ ಸಿಗುವ ಕಸ್ಟಮ್ ಕೆಲಸಕ್ಕೂ ಅದಕ್ಕೂ ಅಜಗಜಾಂತರ.

ಕಸ್ಟಮ್ ಫೈಲ್ ಹಾಕಿ ಈಗ 9,000 ಕಿಲೋಮೀಟರ್ ಆಗಿದೆ. ಎಂಜಿನ್ ಆಯಿಲನ್ನು 15,000ಕ್ಕೆ ಬದಲು 7,500ಕ್ಕೇ ಬದಲಿಸುತ್ತಿದ್ದೇನೆ, ಸ್ಪಾರ್ಕ್ ಪ್ಲಗ್ ಹೊಸದು ಹಾಕಿಸಿದ್ದೇನೆ. ಎರಡು ವಾರಕ್ಕೊಮ್ಮೆ ದಾಖಲೆ ತೆಗೆದು ಟ್ಯೂನರ್‌ಗೆ ಕಳುಹಿಸುತ್ತೇನೆ. ಕಳೆದ ಸಲ ಎರಡನೇ ಸಿಲಿಂಡರಿನಲ್ಲಿ ಹಿಂಜರಿತ ಉಳಿದೆರಡಕ್ಕಿಂತ ಅರ್ಧ ಡಿಗ್ರಿ ಹೆಚ್ಚು ಕಂಡಿತು, ಮುಂದಿನ ಶನಿವಾರ ಪ್ಲಗ್ ಬಿಚ್ಚಿ ನೋಡಲು ಪೀಣ್ಯಕ್ಕೆ ಹೋಗುತ್ತಿದ್ದೇನೆ.